‘ಒಳ್ಳೆ ಹೆಸರಿರುವ ಕಾಲೇಜು’ ಅಂತಾರಲ್ಲ, ಆ ಹೆಸರು ಬರುವುದು ಎಲ್ಲಿಂದ?

ಓದುಗರ ಪ್ರಶ್ನೆ: ಮಗಳ ದ್ವಿತೀಯ ಪಿಯುಸಿ ಮುಗಿಯಿತು. ಮಂಗಳೂರಿನಿಂದ ಮಣಿಪಾಲದವರೆಗೆ ಎಷ್ಟೊಂದು ಖಾಸಗಿ ಕಾಲೇಜುಗಳು. ಎಲ್ಲರ ಜಾಹೀರಾತಿನಲ್ಲೂ ‘ಪ್ರತಿಷ್ಠಿತ’ ಅಂತಲೇ ಇರುತ್ತದೆ. ನಿಜಕ್ಕೂ ಒಂದು ಕಾಲೇಜು ಪ್ರತಿಷ್ಠಿತ ಆಗುವುದು ಯಾವುದರಿಂದ? ಫೀಸ್ ಜಾಸ್ತಿ ಇದ್ದರೆ ಕಾಲೇಜೂ ಒಳ್ಳೆಯದಾಗಿರುತ್ತದಾ?

ಫಲಿತಾಂಶ ಬಂದ ಮೇಲೆ ಪ್ರತಿವರ್ಷ ಕೇಳಿಬರುವ ಪ್ರಶ್ನೆ ಇದು. ಫೀಸಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಯಾಕೆಂದರೆ ಎಲ್ಲರಿಗೂ ಭಯ ಇರುವುದು ಅಲ್ಲೇ. ಯಾವುದಾದರೂ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ತರಗತಿಗೆ ಹೋಗಿ ನೋಡಿ. ಸಿಇಟಿ ಸೀಟಿನ ಹುಡುಗಿಯೂ ಮ್ಯಾನೇಜ್‌ಮೆಂಟ್ ಸೀಟಿನ ಹುಡುಗನೂ ಒಂದೇ ಕಡೆ ಕೂತಿರುತ್ತಾರೆ. ಕಟ್ಟಿದ ದುಡ್ಡಿನಲ್ಲಿ ಅಜಗಜಾಂತರ, ಕೇಳುವ ಪಾಠ ಮಾತ್ರ ಒಂದೇ. ಫೀಸಿಗೂ ಪಾಠಕ್ಕೂ ನೇರ ನಂಟಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಇನ್ನು ರಸೀದಿ ಇಲ್ಲದ ‘ಡೊನೇಶನ್’ ಕೇಳಿದರೆ ಅದು ಪ್ರತಿಷ್ಠೆಯ ಬೆಲೆ ಅಲ್ಲ. ಕರ್ನಾಟಕದಲ್ಲಿ ಕ್ಯಾಪಿಟೇಶನ್ ಫೀಸ್ (ನಿಗದಿತ ಫೀಸಿನ ಮೇಲೆ ಸೀಟಿಗಾಗಿ ಕೇಳುವ ಹಣ) ನಿಷೇಧಿಸುವ ಕಾಯ್ದೆ 1984ರಿಂದಲೇ ಇದೆ. 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಹೇಳಿತು: ಖಾಸಗಿ ಸಂಸ್ಥೆ ತನ್ನ ಬೆಳವಣಿಗೆಗೆ ಬೇಕಾದಷ್ಟು ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಶನ್ ಕೂಡದು. ಆ ತೀರ್ಪಿನ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ. ನಮ್ಮ ಮಣಿಪಾಲದಿಂದಲೇ ಹೋದ ಕೇಸು.

ಈಗ ಹೆಸರಿನ ವಿಷಯ. ನಮ್ಮ ಕರಾವಳಿಯಲ್ಲಿ ಕಾಲೇಜು ಕಟ್ಟಿದವರಲ್ಲಿ ಹಲವರು ಬ್ಯಾಂಕು ಕಟ್ಟಿದವರೇ. ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಶುರು ಮಾಡಿದರು. 15 ವರ್ಷ ಕಳೆದು, 1906ರಲ್ಲಿ, ಇವತ್ತಿನ ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದ್ದೂ ಅವರೇ. ಮಣಿಪಾಲದ ಡಾ. ಟಿ.ಎಂ.ಎ. ಪೈ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು 1925ರಲ್ಲಿ ಉಡುಪಿಯಲ್ಲಿ ಕಟ್ಟಿದವರಲ್ಲಿ ಒಬ್ಬರು. 1928ರಲ್ಲಿ ಆ ಬ್ಯಾಂಕಿನ ಪಿಗ್ಮಿ ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಲು ಶುರು ಮಾಡಿದರು. ಮೀನು ಮಾರುವವರು, ಬೀಡಿ ಕಟ್ಟುವವರು ಕೊಟ್ಟರಲ್ಲ, ಯಾವ ಧೈರ್ಯದಿಂದ? ಪಕ್ಕದ ಮನೆಯವರ ದುಡ್ಡು ಕೇಳಿದ ದಿನ ಸರಿಯಾಗಿ ವಾಪಸ್ ಬಂದದ್ದನ್ನು ನೋಡಿದ್ದರು. ಅಷ್ಟೇ.

ಕಾಲೇಜಿನ ಹೆಸರೂ ಹೀಗೇ ಹುಟ್ಟುತ್ತದೆ ಅಂತ ನನ್ನ ನಂಬಿಕೆ. ಅಪ್ಪ ಅಮ್ಮ ಇಡುವ ಠೇವಣಿ ಮಗುವಿನ ಮೂರೋ ನಾಲ್ಕೋ ವರ್ಷ. ಪಕ್ಕದ ಮನೆಯ ಹುಡುಗಿ ಅಲ್ಲಿಂದ ಹೇಗೆ ಹೊರಬಂದಳು, ಅವಳ ನಂತರದವಳು ಹೇಗೆ ಹೊರಬಂದಳು ಅಂತ ಊರು ನೋಡುತ್ತಾ ಇರುತ್ತದೆ. ಇಪ್ಪತ್ತು, ಮೂವತ್ತು ವರ್ಷ ಹೀಗೆ ನೋಡಿದ ಮೇಲೆ ಹೆಸರು ನಿಲ್ಲುತ್ತದೆ. ಅದಕ್ಕೆ ಬೇರೆ ದಾರಿ ಇಲ್ಲ.

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಅದು ಡೀಮ್ಡ್ ವಿಶ್ವವಿದ್ಯಾನಿಲಯ, ಅಂದರೆ ತಾನೇ ಡಿಗ್ರಿ ಕೊಡುವ ಸಂಸ್ಥೆ, ಆದದ್ದು 2024ರಲ್ಲಿ. ನಡುವಿನ 144 ವರ್ಷ ಮಂಗಳೂರಿನಲ್ಲಿ ಯಾರೂ ಆ ಪಟ್ಟಕ್ಕಾಗಿ ಕಾದು ಕೂತಿರಲಿಲ್ಲ. ‘ಅಲೋಶಿಯಸ್‌ನಲ್ಲಿ ಓದಿದ್ದು’ ಅಂದರೆ ಸಾಕಿತ್ತು. 1921ರ ಸಂತ ಆ್ಯಗ್ನೆಸ್ ಕಾಲೇಜಿನ ಮಾತೂ ಅದೇ. ಎಷ್ಟೋ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಹೋದದ್ದು ಅಲ್ಲಿಗೆ.

ಮಣಿಪಾಲದ ಕಥೆ ಇನ್ನೂ ಚೆನ್ನಾಗಿದೆ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) ಆರಂಭವಾದಾಗ ಅಲ್ಲಿ ಕಾಲೇಜಿನದೇ ದೊಡ್ಡ ಆಸ್ಪತ್ರೆ ಇರಲಿಲ್ಲ. ಹುಡುಗರು ಮೊದಲ ಪಾಠಗಳನ್ನು ಮಣಿಪಾಲದಲ್ಲಿ ಕಲಿತು, ರೋಗಿಗಳನ್ನು ನೋಡಿ ಕಲಿಯಲು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಗೆ ಬಂದರು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಆದದ್ದು 1961ರಲ್ಲಿ. ಇವತ್ತಿನ ಕಟ್ಟಡಗಳನ್ನು ನೋಡುವವರಿಗೆ ಇದು ಗೊತ್ತಿರಬೇಕು: ಒಂದು ಖಾಸಗಿ ಕಾಲೇಜಿನ ಹೆಸರಿನ ಬೇರು ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲೂ ಇದೆ. ಡೀಮ್ಡ್ ಪಟ್ಟ ಬಂದದ್ದು 1993ರಲ್ಲಿ. ಎಲ್ಲರೂ ಹೆಮ್ಮೆಯಿಂದ ಹೇಳುವ ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ ಮಣಿಪಾಲದಲ್ಲಿ ಎಂಜಿನಿಯರಿಂಗ್ ಮುಗಿಸಿದ್ದು 1988ರಲ್ಲಿ, ಅದಕ್ಕೂ ಮೊದಲೇ. ಮಂಗಳೂರಿನ ಕೆಎಂಸಿಯಲ್ಲಿ ಓದಿದ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರೂ ಅದಕ್ಕಿಂತ ಹಿಂದಿನವರು. ಮೊದಲು ಕೆಲಸ, ಆಮೇಲೆ ಪಟ್ಟ.

ಡೀಮ್ಡ್, ಸ್ವಾಯತ್ತ, ಖಾಸಗಿ ವಿವಿ, ಸಂಯೋಜಿತ ಕಾಲೇಜು ಅನ್ನುವ ಪದಗಳಿಗೆ ಜನ ಬೇಗ ಮರುಳಾಗುತ್ತಾರೆ. ಇವು ಅಂಕಪಟ್ಟಿ ಅಲ್ಲ, ಯಾರು ಪರೀಕ್ಷೆ ಮಾಡುತ್ತಾರೆ, ಯಾರು ಡಿಗ್ರಿ ಕೊಡುತ್ತಾರೆ ಅನ್ನುವ ಲೆಕ್ಕ. ಸಂಯೋಜಿತ ಕಾಲೇಜಿನಲ್ಲಿ ಸಿಲೆಬಸ್, ಪರೀಕ್ಷೆ, ಡಿಗ್ರಿ ಮೂರೂ ಮಂಗಳೂರು ವಿವಿ, ವಿಟಿಯು (ಎಂಜಿನಿಯರಿಂಗ್) ಅಥವಾ ರಾಜೀವ್ ಗಾಂಧಿ ವಿವಿಯದ್ದು (ವೈದ್ಯಕೀಯ). ಸ್ವಾಯತ್ತ ಕಾಲೇಜು ಸಿಲೆಬಸ್ ಮತ್ತು ಪರೀಕ್ಷೆ ತಾನೇ ನೋಡಿಕೊಳ್ಳುತ್ತದೆ, ಡಿಗ್ರಿ ಮಾತ್ರ ವಿವಿಯದ್ದು. ಡೀಮ್ಡ್ ಸಂಸ್ಥೆಗೆ 1956ರ ಯುಜಿಸಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಕೇಂದ್ರದ ಮಾನ್ಯತೆ ಇರುತ್ತದೆ, ಡಿಗ್ರಿ ಅದರದ್ದೇ. ಖಾಸಗಿ ವಿವಿ ಹುಟ್ಟುವುದು ರಾಜ್ಯದ ಕಾನೂನಿನಿಂದ. ನಾಲ್ಕರಲ್ಲೂ ಒಳ್ಳೆಯವು ಉಂಟು, ಸಾಧಾರಣವೂ ಉಂಟು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಗ್ರೇಡ್ ನೋಡಿ, ಬೇಡ ಅನ್ನುವುದಿಲ್ಲ. 4ಕ್ಕೆ 3.51 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎ ಪ್ಲಸ್ ಪ್ಲಸ್. ಆದರೆ ಅದು ಇಡೀ ಸಂಸ್ಥೆಗೆ ಸಿಕ್ಕ ಗ್ರೇಡ್, ನಿಮ್ಮ ಮಗಳ ವಿಭಾಗಕ್ಕೆ ಅಲ್ಲ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಸಂಸ್ಥೆಗೆ ಒಳ್ಳೆಯ ಗ್ರೇಡ್ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ ಬಂಧಿಸಿತ್ತು. ಹಾಗಾಗಿ ಗೇಟಿನ ಮೇಲಿನ ಅಕ್ಷರ ನೋಡಿ ನಿಲ್ಲಬೇಡಿ. ಎಂಜಿನಿಯರಿಂಗ್ ಆದರೆ ಎನ್‌ಬಿಎ ಮಾನ್ಯತೆ ಯಾವ ಯಾವ ಬ್ರಾಂಚಿಗೆ ಇದೆ, ಯಾವ ವರ್ಷದವರೆಗೆ ಇದೆ ಅಂತ ಕೇಳಿ. ಅದು ಕೋರ್ಸಿಗೆ ಕೊಡುವ ಮಾನ್ಯತೆ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕ್ 2016ರಿಂದ ಬರುತ್ತಿದೆ. ವಿಶ್ವವಿದ್ಯಾನಿಲಯಗಳಿಗೆ 100ರಲ್ಲಿ 30 ಅಂಕ ಪಾಠ ಮತ್ತು ಸೌಲಭ್ಯಕ್ಕೆ, 30 ಸಂಶೋಧನೆಗೆ. ಹೊರಗಿನವರಿಗೆ ಇರುವ ಅಭಿಪ್ರಾಯಕ್ಕೆ 10 ಮಾತ್ರ. 2024ರ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಮಣಿಪಾಲ 4ನೆಯದು, ದೊಡ್ಡ ಸಂಗತಿಯೇ. ಆದರೂ ಡಿಗ್ರಿಗೆ ಸೇರುವ ಮಗುವಿಗೆ ಸಂಶೋಧನೆಯ 30 ಅಂಕದಿಂದ ನೇರವಾಗಿ ಸಿಗುವುದು ಸ್ವಲ್ಪ.

ನನಗೆ ರ‍್ಯಾಂಕಿಗಿಂತ ಇಷ್ಟವಾದದ್ದು ಇನ್ನೊಂದು. ಭಾಗವಹಿಸುವ ಸಂಸ್ಥೆಗಳು ತಾವು ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲೇ ಹಾಕಬೇಕು. ಅದರಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಮಧ್ಯಮ ಸಂಬಳ ಎಷ್ಟು ಅಂತ ಇರುತ್ತದೆ. ಈ ಮಧ್ಯಮ ಸಂಬಳವನ್ನು, ಅಂದರೆ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಸಂಬಳವನ್ನು, ಹಿಡಿದುಕೊಳ್ಳಿ. ಉದಾಹರಣೆಗೆ ಐವರಿಗೆ ಕೆಲಸ ಸಿಕ್ಕಿತು ಅನ್ನೋಣ: ಮೂರೂವರೆ ಲಕ್ಷ, 3.6 ಲಕ್ಷ, 4 ಲಕ್ಷ, ನಾಲ್ಕೂವರೆ ಲಕ್ಷ, ಕೊನೆಯವಳಿಗೆ 40 ಲಕ್ಷ. ಫ್ಲೆಕ್ಸಿನಲ್ಲಿ ಬರುವುದು 40 ಲಕ್ಷ. ಸರಾಸರಿ ತೆಗೆದರೆ 11 ಲಕ್ಷ ದಾಟುತ್ತದೆ. ನಡುವಿನ ಹುಡುಗಿಗೆ ಸಿಕ್ಕಿದ್ದು 4 ಲಕ್ಷ. ನಿಮ್ಮ ಮಗಳಿಗೂ ಹತ್ತಿರದ ಅಂದಾಜು ಅದೇ.

ಸಿಇಟಿ ಮೂಲಕ ಹೋಗುವುದಾದರೆ ಆ ಪರೀಕ್ಷೆ ನಡೆಸುವ ಕೆಇಎಯ ಹಿಂದಿನ ವರ್ಷದ ಕಟಾಫ್ ಪಟ್ಟಿಯನ್ನೂ ತೆರೆದು ನೋಡಿ. ಯಾವ ಕಾಲೇಜಿನ ಯಾವ ಬ್ರಾಂಚ್ ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಅಂತ ಅದರಲ್ಲಿದೆ. ಒಳ್ಳೆ ರ‍್ಯಾಂಕಿನ ಮಕ್ಕಳು ಎಲ್ಲಿಗೆ ಹೋದರು ಅನ್ನುವುದನ್ನು ಯಾವ ಜಾಹೀರಾತೂ ಇಷ್ಟು ಸರಿಯಾಗಿ ಹೇಳುವುದಿಲ್ಲ. ಜೊತೆಯಲ್ಲಿ ಕೂರುವವರಿಂದ ಮಕ್ಕಳು ಕಲಿಯುವುದು ಮೇಷ್ಟ್ರಿಂದ ಕಲಿಯುವುದಕ್ಕಿಂತ ಕಡಿಮೆ ಏನಲ್ಲ, ಅಲ್ವಾ?

ಹೆಸರಿಗೆ ಒಂದು ಕೊರತೆ ಇದೆ. ಅದು ನಿನ್ನೆಯವರು ಮಾಡಿದ ಕೆಲಸದ ಫಲ. ಕೆಲವು ವರ್ಷದ ಹಿಂದೆ ಅಕ್ಕನ ಮಗನ ಜೊತೆ ಒಂದು ಕಾಲೇಜಿಗೆ ಹೋಗಿದ್ದೆ. ಊರೆಲ್ಲ ಹೊಗಳುವ ಕಾಲೇಜು. ಎಸಿ ಸಭಾಂಗಣ ತೋರಿಸಿದರು, ಈಜುಕೊಳ ತೋರಿಸಿದರು. ಲ್ಯಾಬ್ ನೋಡಬೇಕು ಅಂತ ನಾವೇ ಕೇಳಬೇಕಾಯಿತು. ಎರಡು ಯಂತ್ರಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಆ ವಿಭಾಗಕ್ಕೆ ಹೆಸರು ತಂದಿದ್ದ ಹಿರಿಯ ಪ್ರಾಧ್ಯಾಪಕರು ಆಗಲೇ ನಿವೃತ್ತರಾಗಿದ್ದರು, ಅವರ ಜಾಗಕ್ಕೆ ವರ್ಷಕ್ಕೊಬ್ಬರು ಬಂದು ಹೋಗುತ್ತಿದ್ದರು. ಹುಡುಗ ಅಲ್ಲಿಗೇ ಸೇರಿದ. ನಾಲ್ಕು ವರ್ಷ ಟ್ಯೂಷನ್ನಿನಲ್ಲೇ ಕಳೆದ. ಬೇಡ ಅಂತ ಗಟ್ಟಿಯಾಗಿ ಹೇಳಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಹಾಗಾಗಿ ಕಾಲೇಜಿನ ಹೆಸರು ಕೇಳಿದ ಮೇಲೆ ವಿಭಾಗದ ಮೇಷ್ಟ್ರುಗಳ ಪಟ್ಟಿ ನೋಡಿ. ಐದಾರು ವರ್ಷದಿಂದ ಅಲ್ಲೇ ಇರುವವರು ಎಷ್ಟು ಜನ ಅಂತ ಎಣಿಸಿ. ಲೈಬ್ರರಿ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಒಳಗೆ ಯಾರಾದರೂ ಕೂತಿದ್ದಾರಾ ಅಂತ ನೀವೇ ಹೋಗಿ ನೋಡಿ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲೋ ಉಡುಪಿ ಸಿಟಿ ಬಸ್ಸಿನಲ್ಲೋ ಆ ಕಾಲೇಜಿನ ಐಡಿ ಕಾರ್ಡ್ ಹಾಕಿದ ಮಕ್ಕಳು ಸಿಗುತ್ತಾರೆ. ‘ಹೇಗುಂಟು?’ ಅಂತ ಸುಮ್ನೆ ಕೇಳಬೇಡಿ, ‘ಚೆನ್ನಾಗುಂಟು’ ಅಂತಾರೆ. ‘ಹೋದ ವಾರ ಎಷ್ಟು ಕ್ಲಾಸ್ ನಡೆಯಲಿಲ್ಲ? ಲ್ಯಾಬಿನಲ್ಲಿ ನೀವೇ ಕೈಯಾರೆ ಮಾಡ್ತೀರಾ, ಅಥವಾ ಸರ್ ಮಾಡಿ ತೋರಿಸೋದಾ?’ ಅಂತ ಕೇಳಿ. ಮಗಳನ್ನೂ ಕರೆದುಕೊಂಡು ಹೋಗಿ, ಅವಳೇ ಕೇಳಲಿ. ವಯಸ್ಸು ಒಂದೇ ಆದ್ದರಿಂದ ಅವಳಿಗೆ ಸಿಗುವ ಉತ್ತರ ನಮಗೆ ಸಿಗುವುದಿಲ್ಲ.