ಇಪ್ಪತ್ತೆಂಟು ವರ್ಷ ನಿಂತ ಪದ್ಮಿನಿ: ಮೊದಲು ಹ್ಯಾಂಡಲ್, ಆಮೇಲೆ ಸೆಲ್ಫ್

ಬೆಂಗಳೂರಿನ ಚಾಮರಾಜಪೇಟೆಯ ಹಳೇ ಮನೆಯ ಶೆಡ್ಡಿನಲ್ಲಿ ನಮ್ಮ ಸೋದರಮಾವನ ಪ್ರೀಮಿಯರ್ ಪದ್ಮಿನಿ ಕಾರು 1996ರಿಂದ ನಿಂತೇ ಇತ್ತು. ಟಾರ್ಪಾಲಿನ ಮೇಲೆ ತೆಂಗಿನ ಗರಿ, ಒಳಗೆ ಇಲಿ ಸಂಸಾರ. ಟಾರ್ಪಾಲು ಎಳೆದ ದಿನ ಮಾವ, "ಬ್ಯಾಟರಿ ಹಾಕಿ ನಾಲ್ಕು ಜನ ತಳ್ಳಿದ್ರೆ ಏಳುತ್ತೆ ಕಣೋ, ಆಗೆಲ್ಲ ಹಾಗೇ ಏಳ್ತಿತ್ತು" ಅಂದರು. ನನಗೂ ಆಸೆಯೇ. ಆದರೆ ಕಲಿಸಲು ಬಂದಿದ್ದ ಮೆಕ್ಯಾನಿಕ್ ಕೀ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. "ನಾನು ಕೊಡೋವರೆಗೂ ಕೇಳಬೇಡಿ ಸಾರ್."

ನನ್ನ ಹಾಗೆ ಈಗಷ್ಟೇ ಸ್ಪ್ಯಾನರ್ ಹಿಡಿದವರಿಗೆ ಈ ಟಿಪ್ಪಣಿ. ಕಲಿಯುವುದಕ್ಕೆ ಪದ್ಮಿನಿ ಒಳ್ಳೇ ಕಾರು. 1964ರಲ್ಲಿ ಫಿಯೆಟ್ 1100 ಡಿ ಎಂಬ ಹೆಸರಿನಲ್ಲಿ ಮುಂಬೈನ ಕುರ್ಲಾ ಕಾರ್ಖಾನೆಯಿಂದ ಹೊರಬಂದ ಗಾಡಿಯೇ 70ರ ದಶಕದಲ್ಲಿ ಪದ್ಮಿನಿಯಾಯಿತು. 1089 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಎಲೆಕ್ಟ್ರಾನಿಕ್ಸ್ ಇಲ್ಲ. ಏನು ಕೆಟ್ಟಿದೆಯೋ ಅದು ಕಣ್ಣಿಗೆ ಕಾಣುತ್ತದೆ, ಮೂಗಿಗಾದರೂ ಬಡಿಯುತ್ತದೆ.

ಮೂರು, ನಾಲ್ಕನೇ ಸಿಲಿಂಡರಿಗೆ ಮಾತ್ರ ತುಕ್ಕು ಯಾಕೆ?

ಮೊದಲ ಕೆಲಸ ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತಿನೊಳಗೆ ಟಾರ್ಚ್ ಬಿಟ್ಟು ನೋಡುವುದು. ಒಂದು, ಎರಡನೇ ಸಿಲಿಂಡರಿನ ಗೋಡೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಮೂರು, ನಾಲ್ಕರಲ್ಲಿ ಕಂದು ತುಕ್ಕು. ಒಂದೇ ಇಂಜಿನ್, ಒಂದೇ ಶೆಡ್ಡು, ಒಂದೇ ಮಳೆಗಾಲ. ಹಾಗಾದರೆ ಈ ಪಕ್ಷಪಾತ ಯಾಕೆ?

ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-3-4-2. ಇಂಜಿನ್ ಆಫ್ ಮಾಡಿದಾಗ ಯಾವುದೋ ಒಂದು ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಂಡು ತಡೆಯುವುದರಿಂದ ಪಿಸ್ಟನ್‌ಗಳು ಸಾಮಾನ್ಯವಾಗಿ ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಆಗ ಒಂದನೆಯದು ಗಾಳಿ ಒತ್ತುವ ಹೊಡೆತದಲ್ಲಿ, ಅಂದರೆ ಕಂಪ್ರೆಷನ್‌ನಲ್ಲಿತ್ತು ಅಂದುಕೊಳ್ಳಿ. ಅದರ ಹಿಂದೆ ಬರುವ ಮೂರನೆಯದು ಗಾಳಿ ಎಳೆದುಕೊಳ್ಳುವ ಹೊಡೆತದಲ್ಲಿರುತ್ತದೆ, ಅಂದರೆ ಅದರ ಇನ್‌ಲೆಟ್ ವಾಲ್ವ್ ತೆರೆದಿದೆ. ನಾಲ್ಕನೆಯದು ಹೊಗೆ ಹೊರಹಾಕುವ ಹೊಡೆತದಲ್ಲಿ, ಅದರ ಎಕ್ಸಾಸ್ಟ್ ವಾಲ್ವ್ ತೆರೆದಿದೆ. ಎರಡನೆಯದು ಉರಿದು ತಳ್ಳುವ ಹೊಡೆತದಲ್ಲಿ, ಅಂದರೆ ಪವರ್‌ನಲ್ಲಿ, ಎರಡೂ ವಾಲ್ವ್ ಮುಚ್ಚಿವೆ. ಹಾಗಾಗಿ ಒಂದು, ಎರಡು ಮುಚ್ಚಳ ಹಾಕಿದ ಡಬ್ಬಿಗಳು. ಮೂರು, ನಾಲ್ಕಕ್ಕೆ ಏರ್ ಫಿಲ್ಟರ್ ಕಡೆಯಿಂದಲೂ ಸೈಲೆನ್ಸರ್ ಕಡೆಯಿಂದಲೂ ಜೂನ್‌ನಿಂದ ನವೆಂಬರ್‌ವರೆಗೆ ಬೆಂಗಳೂರಿನ ಒದ್ದೆ ಗಾಳಿ, ಇಪ್ಪತ್ತೆಂಟು ಸಲ. 1996ರ ಆ ದಿನ ಇಂಜಿನ್ ಯಾವ ಭಂಗಿಯಲ್ಲಿ ನಿಂತಿತು ಎನ್ನುವುದನ್ನು ತುಕ್ಕೇ ಬರೆದಿಟ್ಟಿತ್ತು. ನಿಮ್ಮ ಕಾರಿನಲ್ಲಿ ಬೇರೆ ಜೋಡಿ ಸಿಗಬಹುದು. ಕಾಗದದ ಮೇಲೆ ಈ ಲೆಕ್ಕ ಹಾಕಿ ನೋಡಿ, ನಾಲ್ಕು ಸ್ಟ್ರೋಕ್ ಅಂದರೇನು ಎನ್ನುವುದು ಯಾವ ಚಿತ್ರಕ್ಕಿಂತಲೂ ಚೆನ್ನಾಗಿ ತಲೆಗೆ ಹತ್ತುತ್ತದೆ.

ತುಕ್ಕು ಹಿಡಿದ ಗೋಡೆಗೆ ಪಿಸ್ಟನ್ ಸುತ್ತ ಇರುವ ರಿಂಗುಗಳು ಅಂಟಿಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ತಳ್ಳಿದ್ದರೆ ರಿಂಗ್ ಮುರಿಯುತ್ತಿತ್ತು. ಗೇರ್ ಆಯಿಲ್ ಅಲ್ಲ, ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಟಿಎಫ್ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿ ನಾಲ್ಕೂ ತೂತಿಗೆ ಹಾಕಿ ಬಿಟ್ಟೆವು. ಅಸಿಟೋನ್ ತೆಳುವಾಗಿ ಸಂದಿಗೆ ಇಳಿಯುತ್ತದೆ, ಎಣ್ಣೆಯನ್ನೂ ಜೊತೆಗೆ ಒಯ್ಯುತ್ತದೆ. ಬೆಂಕಿಯ ಹತ್ತಿರ ಬೇಡ, ಬಾಗಿಲು ತೆಗೆದಿರಲಿ. ದಿನಕ್ಕೊಮ್ಮೆ ಇಂಜಿನ್ ತಿರುಗಿಸುವ ಮುಂದಿನ ಹ್ಯಾಂಡಲ್ ಸಿಕ್ಕಿಸಿ ಮೆಲ್ಲಗೆ ಒತ್ತಿ ನೋಡಬೇಕು, ಜೋರು ಮಾಡಬಾರದು. ಆರನೇ ದಿನ ಬೆರಳಷ್ಟು ಜರುಗಿತು. ಮಾವ ಕಾಫಿ ಲೋಟ ಹಿಡಿದು ನಿಂತಿದ್ದವರು "ಅಷ್ಟಕ್ಕೇನಾ!" ಅಂದರು.

ಪೂರ್ತಿ ತಿರುಗಿಸುವ ಮೊದಲು ವಾಲ್ವ್ ಭಾಗಗಳನ್ನು ಮುಚ್ಚಿರುವ ಮೇಲಿನ ಟ್ಯಾಪೆಟ್ ಕವರ್ ತೆಗೆಯಿರಿ. ಇಷ್ಟು ವರ್ಷ ತೆರೆದೇ ಇದ್ದ ವಾಲ್ವ್ ತನ್ನ ಗೈಡಿನಲ್ಲಿ, ಅಂದರೆ ಅದರ ಕಾಂಡ ಜಾರುವ ಕೊಳವೆಯಲ್ಲಿ, ಕಚ್ಚಿಕೊಂಡಿರಬಹುದು. ನಾಲ್ಕನೆಯದರ ಎಕ್ಸಾಸ್ಟ್ ವಾಲ್ವ್ ಮೇಲೆ ಬರಲೇ ಇಲ್ಲ. ಸೆಲ್ಫ್ ಹೊಡೆದಿದ್ದರೆ ಪಿಸ್ಟನ್ ಬಂದು ಅದಕ್ಕೆ ಗುದ್ದುತ್ತಿತ್ತು, ಇಲ್ಲವೇ ವಾಲ್ವ್ ತೆರೆಸುವ ಪುಶ್ ರಾಡ್ ಬಾಗುತ್ತಿತ್ತು. ಕಾಂಡಕ್ಕೆ ಎಣ್ಣೆ ಬಿಟ್ಟು, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ತಟ್ಟಿ ಬಿಡಿಸಲು ಒಂದು ಮಧ್ಯಾಹ್ನವೇ ಹಿಡಿಯಿತು.

ಇಂಜಿನ್ ಕೆಳಗಿನ ಚೇಂಬರಿನ ಹಳೇ ಆಯಿಲ್ ತೆಗೆದು ಹೊಸದು ತುಂಬಿಸಿ, ಹೊಸ ಬ್ಯಾಟರಿ ಕೂರಿಸಿದ ಮೇಲೆಯೇ ಕೀ ನನ್ನ ಕೈಗೆ ಬಂದದ್ದು. ಆಗಲೂ ಪ್ಲಗ್ ಹಾಕದೆ, ಆಯಿಲ್ ಪ್ರೆಶರ್ ದೀಪ ಆರುವವರೆಗೆ ಸೆಲ್ಫ್ ತಿರುಗಿಸುವುದಕ್ಕಷ್ಟೇ. ಒಣಗಿದ ಬೇರಿಂಗುಗಳಿಗೆ ಮೊದಲು ಎಣ್ಣೆ ಮುಟ್ಟಬೇಕು. ಅದೇ ಹೊತ್ತಿಗೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದೆವು. ಇಲ್ಲಿ ಬೆಂಗಳೂರಿನವರು ನೆನಪಿಡಬೇಕಾದ್ದೊಂದಿದೆ: ನಾವು ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ, ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಹೆಚ್ಚುಕಮ್ಮಿ ಶೇ. 10ರಷ್ಟು ಕಡಿಮೆ. ಗೇಜಿನ ಅಂಕಿಯೂ ಅಷ್ಟು ಇಳಿದೇ ಇರುತ್ತದೆ. ಪುಸ್ತಕದ ಅಂಕಿ ನೋಡಿ ಗಾಬರಿಯಾಗಬೇಡಿ, ಸಿಲಿಂಡರಿನಿಂದ ಸಿಲಿಂಡರಿಗೆ ಎಷ್ಟು ವ್ಯತ್ಯಾಸ ಅನ್ನುವುದೇ ಮುಖ್ಯ. ನಮ್ಮ ಮೂರು, ನಾಲ್ಕು ಮೊದಲು ತೀರಾ ಕೆಳಗಿದ್ದವು. ಇಂಜಿನ್ ನಾಲ್ಕಾರು ಸಲ ಬಿಸಿಯಾಗಿ ರಿಂಗ್ ಸಡಿಲವಾದ ಮೇಲೆ ಸಾಕಷ್ಟು ಏರಿದವು.

ಟ್ಯಾಂಕಿನ ವಾಸನೆ

ಪೆಟ್ರೋಲಿನ ಹಗುರ ಭಾಗ ಹಾರಿಹೋಗಿ ಉಳಿದದ್ದು ಗೋಂದು. ಮುಚ್ಚಳ ತೆಗೆದರೆ ಹಳೇ ವಾರ್ನಿಷ್ ವಾಸನೆ. ಆ ಗೋಂದು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಟ್ಯಾಂಕ್ ಇಳಿಸಿ ತೊಳೆದು, ಜೆಟ್‌ಗಳನ್ನು ಬಿಚ್ಚಿ ಗಾಳಿ ಹೊಡೆಯಿರಿ. ತಂತಿ ತೂರಿಸಬೇಡಿ, ತೂತು ಅಗಲವಾದರೆ ಜೆಟ್ ಹೋದಂತೆ. ಹಳೇ ಪೆಟ್ರೋಲಿನಲ್ಲಿ ಕೈ ತೊಳೆಯುವ ಅಭ್ಯಾಸವೂ ಬೇಡ. ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ, ಅದಕ್ಕೂ ಮುಂಚಿನ ಟ್ಯಾಂಕಿನಲ್ಲಿ ಸೀಸ ಇರಬಹುದು.

ಹೊಸ ಪೆಟ್ರೋಲಿನದು ಬೇರೆ ತಕರಾರು. ಈಗ ಬಂಕಿನಲ್ಲಿ ಬರುವುದರಲ್ಲಿ ಶೇ. 20ರವರೆಗೆ ಎಥನಾಲ್. ಅದು ಗಾಳಿಯ ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಎರಡನ್ನೂ ಎಥನಾಲ್ ತಡೆಯುವ ರಬ್ಬರಿನದಕ್ಕೆ ಬದಲಿಸುವುದು ಖರ್ಚಲ್ಲ, ವಿಮೆ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ.

ಬ್ರೇಕು

ನನ್ನ ಅಭಿಪ್ರಾಯದಲ್ಲಿ ಇಂಜಿನ್ನಿಗಿಂತ ಇದಕ್ಕೇ ಹೆಚ್ಚು ದಿನ ಮೀಸಲಿಡಬೇಕು. ಬ್ರೇಕ್ ಆಯಿಲ್ ನೀರು ಹೀರುವ ದ್ರವ. ಡಾಟ್ 3 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಶೇ. 3.7 ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಿಂತ ಕಾರಿನಲ್ಲಿ ಕುದಿಯುವ ಮಾತು ಆಮೇಲಿನದು, ಮೊದಲು ಆ ನೀರು ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನೊಳಗೆ ಗುಳಿ ಕೊರೆದಿರುತ್ತದೆ. ಗುಳಿ ಬಿದ್ದದ್ದಕ್ಕೆ ಹೊಸ ವಾಷರ್ ಹಾಕಿದರೂ ಸೋರುತ್ತದೆ. ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದು ನಾಲ್ಕೂ ಚಕ್ರದ ಸಿಲಿಂಡರ್ ತಂದೆವು.

ಒಂದು ಮೋಸ ಮಾತ್ರ ನನಗೆ ಗೊತ್ತಿರಲಿಲ್ಲ. ಎಲ್ಲ ಜೋಡಿಸಿದ ಮೇಲೂ ಮುಂದಿನ ಎಡ ಚಕ್ರ ಹಿಡಿದರೆ ಬಿಡುತ್ತಿರಲಿಲ್ಲ. ಹಣ ಉಳಿಸಲು ನಾನು ಬಿಟ್ಟಿದ್ದ ಹಳೇ ರಬ್ಬರ್ ಹೋಸ್ ಒಳಗಡೆ ಊದಿತ್ತು, ಹೊರಗೆ ನೋಡಲು ಚೆನ್ನಾಗಿಯೇ ಇತ್ತು. ಕಾಲಿನ ಒತ್ತಡಕ್ಕೆ ಆಯಿಲ್ ಒಳಗೆ ನುಗ್ಗುತ್ತಿತ್ತು, ವಾಪಸು ಬರಲು ದಾರಿಯಿರಲಿಲ್ಲ. ರಬ್ಬರ್ ಅಂದದ್ದನ್ನೆಲ್ಲ ಬದಲಿಸಿ, ಟೈರನ್ನೂ ಸೇರಿಸಿ. ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಆಯಿಲ್ ಸರ್ಕ್ಯೂಟ್, ಒಂದು ಕಡೆ ಸೋರಿದರೆ ಪೆಡಲ್ ನೆಲಕ್ಕೆ. ಹ್ಯಾಂಡ್ ಬ್ರೇಕ್ ಗಟ್ಟಿಯಿಲ್ಲದೆ ಗೇಟು ದಾಟಬೇಡಿ.

ಕಿಡಿ ಬರದಿದ್ದದ್ದು ಸಣ್ಣ ವಿಷಯ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಮೇಲೆ ಬೂದು ಪೊರೆ ಕಟ್ಟಿತ್ತು. ಸಣ್ಣ ಎಮ್ರಿ ಪೇಪರಿನಲ್ಲಿ ಉಜ್ಜಿ, ಸುಮಾರು 0.4 ಮಿ.ಮೀ. ಗ್ಯಾಪ್ ಇಟ್ಟು, ಕಂಡೆನ್ಸರ್ ಬದಲಿಸಿದೆವು. ಇಲಿ ಕಡಿದ ವೈರುಗಳೇ ಹೆಚ್ಚು ಕಾಟ ಕೊಟ್ಟವು.

ಸ್ಟಾರ್ಟ್ ಆದ ದಿನ ಮಾವನೇ ಕೂತರು. ಮೊದಲ ಎರಡು ಸಲ ಸೀನಿತು, ಮೂರನೆಯದಕ್ಕೆ ಹಿಡಿಯಿತು. ಬೀದಿ ತುಂಬ ನೀಲಿ ಹೊಗೆ, ಸಿಲಿಂಡರಿಗೆ ನಾವೇ ಹಾಕಿದ ಎಣ್ಣೆಯದು. ಹತ್ತು ನಿಮಿಷಕ್ಕೆ ತಿಳಿಯಾಯಿತು. ರೇಡಿಯೇಟರಿನಿಂದ ತುಕ್ಕು ನೀರು ಬರುತ್ತಲೇ ಇದೆ, ಮೂರು ಸಲ ತೊಳೆದಾಯಿತು.

ಕಾಗದದ ವಿಚಾರ: ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದರೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎಂದು ದಾಖಲಿಸಬಹುದು, ಹಳೇ ನಂಬರು ಉಳಿಯುತ್ತದೆ. ಆದರೆ ಆಗ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಮಾವನಿಗೆ ಎಂವೈ ಅಂತ ಶುರುವಾಗುವ ಆ ನಂಬರೂ ಬೇಕು, ಬೆಳಿಗ್ಗೆ ಗಾಂಧಿ ಬಜಾರಿಗೆ ತರಕಾರಿಗೂ ಇದರಲ್ಲೇ ಹೋಗಬೇಕು. ಸದ್ಯ ನವೀಕರಣದ ಅರ್ಜಿ ತುಂಬುತ್ತಿದ್ದೇವೆ.