ಲಾವಣಿ ಎಂದರೆ ಪಾಲಲ್ಲ

ತೊಗರಿ ಒಣಗಿದ ಸುದ್ದಿಯೊಂದರಲ್ಲಿ ‘ಲಾವಣಿ, ಅಂದರೆ ಬೆಳೆಯಲ್ಲಿ ಪಾಲು’ ಎಂದು ಮತ್ತೆ ಬರೆದಿದ್ದಾರೆ. ವಿಜಯಪುರ ಜಿಲ್ಲೆಯ ಯಾವ ಊರಿನ ಕಟ್ಟೆಯ ಮೇಲೆ ಕೇಳಿದ್ದರೂ ಈ ತಪ್ಪು ಆಗುತ್ತಿರಲಿಲ್ಲ. ಲಾವಣಿ ಎಂದರೆ ಎಕರೆಗೆ ಇಷ್ಟು ಎಂದು ಮುಂಗಡ ರೊಕ್ಕ ಕೊಟ್ಟು ಇನ್ನೊಬ್ಬರ ಹೊಲ ಉಳುವ ಕರಾರು.

ಪದ ಮರಾಠಿಯದು. ‘ಲಾವಣೆ’ ಎಂದರೆ ಹಚ್ಚುವುದು, ನೆಡುವುದು. ಅದರಿಂದ ಲಾವಣಿ, ಅಂದರೆ ನಾಟಿ, ಸಾಗುವಳಿ. ಮಹಾರಾಷ್ಟ್ರದಲ್ಲಿ ಭತ್ತದ ನಾಟಿಗೆ ಇಂದಿಗೂ ‘ಭಾತ ಲಾವಣಿ’ ಎನ್ನುತ್ತಾರೆ. ನಮ್ಮ ಕಡೆ ಅದು ಹೊಲವನ್ನು ಇನ್ನೊಬ್ಬರ ಸಾಗುವಳಿಗೆ ಬಿಡುವ ಕರಾರಿನ ಹೆಸರಾಗಿ ನಿಂತಿತು. ‘ಹೊಲ ಲಾವಣಿಗೆ ಹಚ್ಚಿದ್ದೇವೆ’ ಎನ್ನುವಾಗ ಅದೇ ಕ್ರಿಯೆಯನ್ನು ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದಂತಾಗುತ್ತದೆ. ಲಾವಣಿ ಹಾಡಿನ ಹೆಸರನ್ನು ಕೆಲವರು ಇದೇ ಬೇರಿಗೆ, ಕೆಲವರು ‘ಲಾವಣ್ಯ’ಕ್ಕೆ ಜೋಡಿಸುತ್ತಾರೆ, ಆ ಚರ್ಚೆ ಇಲ್ಲಿ ಬೇಡ.

ಪಾಲಿನಲ್ಲಿ, ಅಂದರೆ ಕೋರಿನಲ್ಲಿ, ರಾಶಿಯಾದ ಮೇಲೆ ಲೆಕ್ಕ. ಮಳೆ ಕೈಕೊಟ್ಟರೆ ಒಡೆಯನ ಚೀಲವೂ ಕಡಿಮೆಯಾಗುತ್ತದೆ. ಲಾವಣಿಯಲ್ಲಿ ಎಕರೆಗೆ ಇಷ್ಟು ಎಂದು ಯುಗಾದಿಯ ಹೊತ್ತಿಗೇ ರೊಕ್ಕ ಎಣಿಸಬೇಕು. ಆಮೇಲೆ ಬರ ಬಿದ್ದರೂ ರೋಗ ಬಂದರೂ ಒಡೆಯನಿಗೆ ಸಂಬಂಧವಿಲ್ಲ. ಬರಗಾಲ ಯಾರ ಹೆಗಲಿಗೆ ಎಂಬುದೇ ಇವೆರಡರ ವ್ಯತ್ಯಾಸವಾಗಿರುವಾಗ, ಎರಡನ್ನೂ ಒಂದೇ ಎಂದು ಬರೆಯುವುದು ಸಣ್ಣ ತಪ್ಪಲ್ಲ.

‘ಗೇಣಿ’ ಎಂದು ತಿದ್ದುವವರೂ ಇದ್ದಾರೆ. ಅರ್ಥ ಹತ್ತಿರವೇ. ಆದರೆ ಗೇಣಿದಾರನೆಂದರೆ ಕಾಯ್ದೆ ಗುರುತಿಸಿದ ವ್ಯಕ್ತಿ: 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಡಿ ನಮೂನೆ 7ರ ಅರ್ಜಿ ಸಲ್ಲಿಸಿ ಹೊಲದೊಡೆಯನಾಗಬಹುದಿದ್ದವನು. ಸೈನಿಕರಂಥ ಕೆಲವರ ಜಮೀನು ಬಿಟ್ಟರೆ ಹೊಸದಾಗಿ ಗೇಣಿಗೆ ಕೊಡುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ಹಾಗಾಗಿ ಇಂದಿನ ಲಾವಣಿ ಬಾಯಿಮಾತಿನದು. ಕಾಗದ ಮಾಡಿದರೆ ಹೊಲ ಕೈತಪ್ಪೀತೆಂದು ಒಡೆಯನಿಗೆ ಭಯ. ಕಾಗದ ಕೇಳಿದರೆ ಮುಂದಿನ ವರ್ಷ ಹೊಲ ಸಿಗಲಿಕ್ಕಿಲ್ಲವೆಂದು ಉಳುವವನಿಗೆ ಭಯ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಜಮೀನು ಹೆಸರಿನಲ್ಲಿದ್ದವರಿಗೇ.

ಇಂಡಿ ಕಡೆಯ ಒಂದು ಹೊಲದ ಬದುವಿನಲ್ಲಿ ನಿಂತಿದ್ದೆ. ಬಿತ್ತಿದವನು ಬಾಡಿದ ತೊಗರಿ ಗಿಡವನ್ನು ಕಿತ್ತು, ಕಾಂಡ ಸೀಳಿ, ಒಳಗಿನ ಕಪ್ಪು ಗೆರೆ ತೋರಿಸಿದ. ನೆಟೆರೋಗ. ಬೆಳೆಹಾನಿ ಸಮೀಕ್ಷೆಗೆ ಬಂದವರು ಫೋಟೊ ತೆಗೆದುಕೊಂಡು, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇದ್ದ ಹೆಸರು ಬರೆದುಕೊಂಡು ಹೋದರು. ಆ ಹೆಸರಿನವರು ಸೋಲಾಪುರದಲ್ಲಿದ್ದಾರೆ.