ಎಂಸಿಬಿ ಬದಲಿಸುವ ಖರ್ಚು, ಸರ್ಕ್ಯೂಟ್ ಎಳೆಸುವ ಖರ್ಚು

ಮನೆಯ ವೈರಿಂಗಿನ ಖರ್ಚು ವಿಚಾರಿಸಲು ಬರುವವರ ಮೊದಲ ಪ್ರಶ್ನೆ ‘ಪಾಯಿಂಟಿಗೆ ಎಷ್ಟು?’ ಎಂಬುದೇ ಆಗಿರುತ್ತದೆ. ದೀಪ, ಫ್ಯಾನು, ಸಾಕೆಟ್ಟುಗಳನ್ನು ಎಣಿಸಿ ದರದಿಂದ ಗುಣಿಸಿದರೆ ಮೊತ್ತ ಸಿಗುವುದರಿಂದ ಈ ಲೆಕ್ಕ ಮನೆಯವರಿಗೂ ಹಿತ, ಕೆಲಸದವರಿಗೂ ಹಿತ. ಆದರೆ ಆ ಪಾಯಿಂಟುಗಳೆಲ್ಲ ಎಷ್ಟು ಸರ್ಕ್ಯೂಟುಗಳಲ್ಲಿ ಹಂಚಿಹೋಗಿವೆ, ಅಂದರೆ ಡಿಬಿಯಿಂದ (ಮನೆಗೆಲ್ಲ ಕರೆಂಟು ಹಂಚುವ ಪೆಟ್ಟಿಗೆ) ಬೇರೆ ಬೇರೆ ಎಂಸಿಬಿಗಳ (ಕರೆಂಟು ಮಿತಿ ಮೀರಿದರೆ ತಾನಾಗಿ ಟ್ರಿಪ್ ಆಗಿ ಲೈನು ಕತ್ತರಿಸುವ ಸ್ವಿಚ್ಚು) ಕೆಳಗೆ ಎಷ್ಟು ಲೈನುಗಳು ಹೊರಡುತ್ತವೆ ಎಂಬುದು ಆ ದರಪಟ್ಟಿಯಲ್ಲಿ ಕಾಣುವುದಿಲ್ಲ. ಹತ್ತಿರದ ಸಾಕೆಟ್ಟಿನಿಂದಲೇ ಲೂಪ್ ಮಾಡಿಕೊಂಡು ಮುಂದಿನದಕ್ಕೆ ಹೋದರೆ ವೈರೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ. ಎರಡು ಕೊಟೇಶನ್ನುಗಳ ನಡುವೆ ದೊಡ್ಡ ಅಂತರ ಕಂಡರೆ, ಕಡಿಮೆಯವರು ಎಲ್ಲಿ ಉಳಿಸಿದ್ದಾರೆಂದು ಮೊದಲು ಇಲ್ಲಿ ಹುಡುಕಬೇಕು.

ದೀಪ, ಫ್ಯಾನು ಮತ್ತು 6 ಆಂಪಿಯರ್ ಸಾಕೆಟ್ಟುಗಳಾದರೆ ಒಂದು ಸರ್ಕ್ಯೂಟಿಗೆ 10 ಪಾಯಿಂಟು ಅಥವಾ 800 ವಾಟ್, ಇವೆರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅದು ಮಿತಿ. 16 ಆಂಪಿಯರ್ ಸಾಕೆಟ್ಟುಗಳಾದರೆ ಒಂದು ಸರ್ಕ್ಯೂಟಿಗೆ ಎರಡಕ್ಕಿಂತ ಹೆಚ್ಚು ಬೇಡ. ಗೀಸರ್ ಮತ್ತು ಎಸಿಗೆ ಒಂದೊಂದು ಪ್ರತ್ಯೇಕ ಲೈನು. ಇಷ್ಟನ್ನು ಪಾಲಿಸಿದರೆ ಸಾಧಾರಣ ಎರಡು ಕೋಣೆಯ ಮನೆಗೂ ಹತ್ತರ ಆಸುಪಾಸಿನಲ್ಲಿ ಸರ್ಕ್ಯೂಟುಗಳು ಬೇಕಾಗುತ್ತವೆ. ‘ನಮ್ಮ ಅಪ್ಪನ ಮನೆ ಎರಡು ಫ್ಯೂಸಿನಲ್ಲೇ ನಡೆಯಿತಲ್ಲ’ ಎನ್ನುವವರಿಗೆ ನಾನು ಹೇಳುವುದು ಒಂದೇ: ಆ ಮನೆಯಲ್ಲಿ ನೀರು ಕಾಯುತ್ತಿದ್ದದ್ದು ಹಂಡೆಯಲ್ಲಿ.

ಈ ಅಂಕಣಕ್ಕೆ ಕಾರಣವಾದ ತಪ್ಪು ಬೇರೆಯೇ ಇದೆ. ಎಂಸಿಬಿ ಪದೇ ಪದೇ ಟ್ರಿಪ್ ಆಗತೊಡಗಿದಾಗ ಅದನ್ನು ತೆಗೆಸಿ ಅದಕ್ಕಿಂತ ದೊಡ್ಡದನ್ನು ಹಾಕಿಸಿಬಿಡುವುದು. ಎಂಸಿಬಿಯ ಬೆಲೆ ಕೆಲವು ನೂರು ರೂಪಾಯಿ, ಕೆಲಸ ಹತ್ತು ನಿಮಿಷದ್ದು, ತೊಂದರೆ ಅಂದೇ ನಿಂತಂತೆ ಕಾಣುತ್ತದೆ. ಹೊಸ ಸರ್ಕ್ಯೂಟಿಗೆ ಸಾವಿರಾರು ರೂಪಾಯಿ ಕೇಳುವ ನನ್ನಂಥವನು ಆಗ ಸುಲಿಗೆಕೋರನಂತೆ ಕಾಣುವುದರಲ್ಲಿ ಆಶ್ಚರ್ಯವೇನಿಲ್ಲ.

ಎಂಸಿಬಿ ಇರುವುದು ನಿಮ್ಮ ಮಿಕ್ಸಿಯನ್ನಾಗಲಿ ಟಿವಿಯನ್ನಾಗಲಿ ಕಾಪಾಡಲು ಅಲ್ಲ. ಗೋಡೆಯೊಳಗಿನ ವೈರನ್ನು ಕಾಪಾಡಲು. ಆದ್ದರಿಂದ ಅದರ ಅಳತೆಯನ್ನು ನಿರ್ಧರಿಸುವುದು ವೈರಿನ ದಪ್ಪವೇ ಹೊರತು ನೀವು ಹಚ್ಚುವ ಉಪಕರಣವಲ್ಲ. ಇದು ಒಣ ಮಾತಿನಂತೆ ಕೇಳಬಹುದು, ಲೆಕ್ಕ ಹಾಕಿ ನೋಡೋಣ. ಅಡುಗೆಮನೆಯ ಒಂದೇ ಲೈನಿನಲ್ಲಿ 2000 ವಾಟಿನ ಇಂಡಕ್ಷನ್ ಒಲೆ, 1400 ವಾಟಿನ ಮೈಕ್ರೋವೇವ್, ಹಿಂಬದಿಯ ಯುಟಿಲಿಟಿಯಲ್ಲಿ ನೀರು ಕಾಯಿಸುವಾಗ 2000 ವಾಟ್ ಎಳೆಯುವ ವಾಷಿಂಗ್ ಮಷಿನ್ ಇವೆಯೆನ್ನಿ. ಒಟ್ಟು 5400 ವಾಟ್. 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 23.5 ಆಂಪಿಯರ್. ಆ ಲೈನಿಗಿರುವ 16 ಆಂಪಿಯರಿನ ಎಂಸಿಬಿ ತನ್ನ ಅಳತೆಯ 1.45 ಪಟ್ಟು, ಅಂದರೆ 23.2 ಆಂಪಿಯರ್ ಹರಿದಾಗ ಒಂದು ಗಂಟೆಯೊಳಗೆ ಟ್ರಿಪ್ ಆಗಲೇಬೇಕು. ಹಾಗಾಗಿಯೇ ಅದು ಸ್ವಿಚ್ ಹಾಕಿದ ಕೂಡಲೇ ಬೀಳದೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡುಗೆಯ ನಡುವೆ ಬೀಳುತ್ತದೆ. ಮನೆಯವರು ಅದು ಕೆಟ್ಟಿದೆಯೆಂದು ತಿಳಿಯುತ್ತಾರೆ. ಅದರ ಜಾಗದಲ್ಲಿ 32 ಆಂಪಿಯರಿನದನ್ನು ಕೂರಿಸಿದರೆ 23.5 ಆಂಪಿಯರ್ ಎಷ್ಟು ಗಂಟೆ ಹರಿದರೂ ಅದು ಅಲುಗಾಡುವುದಿಲ್ಲ. 36 ಆಂಪಿಯರ್ ಹರಿದರೂ ಒಂದು ಗಂಟೆ ಸುಮ್ಮನಿರುವ ಹಕ್ಕು ಅದಕ್ಕಿದೆ. ಆದರೆ ಗೋಡೆಯೊಳಗೆ ಇರುವುದು ಅದೇ ಹಳೆಯ 2.5 ಚದರ ಮಿಲಿಮೀಟರಿನ ವೈರು. ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ, ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ. ಹಳೆಯ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿನ ಕಾಲದಲ್ಲಿ ಇದೇ ಕೆಲಸವನ್ನು ಎರಡು ಮೂರು ಎಳೆ ತಾಮ್ರ ಸುತ್ತಿ ಮಾಡುತ್ತಿದ್ದರು.

ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಹೀಗೆಯೇ 32 ಆಂಪಿಯರಿನದು ಬಂದು ಕೂತಿತ್ತು. ಸಾಕೆಟ್ಟಿನ ಬಳಿ ಮೀನಿನ ವಾಸನೆ ಬರುತ್ತಿದೆ ಎಂದು ಸೊಸೆ ಹೇಳಿದ್ದರಿಂದ ನನ್ನನ್ನು ಕರೆಸಿದ್ದರು; ಅವರದು ಸಸ್ಯಾಹಾರಿ ಮನೆ, ಆ ವಾಸನೆ ಕಾದು ಸುಡುತ್ತಿದ್ದ ಪ್ಲಾಸ್ಟಿಕ್ಕಿನದು. ಬೋರ್ಡು ಬಿಚ್ಚಿದರೆ ನ್ಯೂಟ್ರಲ್ ಬದಿಯ ಟರ್ಮಿನಲ್ ಕಂದಾಗಿತ್ತು, ಹಿಂದಿನ ಪ್ಲಾಸ್ಟಿಕ್ ಉಬ್ಬಿತ್ತು, ವೈರನ್ನು ತುಸು ಬಗ್ಗಿಸಿದ ಕೂಡಲೇ ಹೊದಿಕೆ ಚಕ್ಕೆಯಾಗಿ ಉದುರಿತು. ‘ಆದರೆ ಈಗ ಟ್ರಿಪ್ ಆಗುತ್ತಲೇ ಇಲ್ಲವಲ್ಲಪ್ಪ’ ಎಂದರು ಮೇಷ್ಟ್ರು. ಗಣಿತ ಕಲಿಸಿದವರಾದ್ದರಿಂದ ಮೇಲಿನ ಲೆಕ್ಕವನ್ನು ಅವರ ಕ್ಯಾಲೆಂಡರಿನ ಹಿಂಬದಿಯಲ್ಲೇ ಬರೆದು ತೋರಿಸಿದೆ. ಒಪ್ಪಿಕೊಂಡರು. ತಪಾಸಣೆಯ ಶುಲ್ಕದ ವಿಷಯದಲ್ಲಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಅವರೊಬ್ಬರೇ ಅಲ್ಲ. ‘ಏನೂ ರಿಪೇರಿ ಮಾಡಲಿಲ್ಲ, ನೋಡಿದ್ದಕ್ಕೆ ದುಡ್ಡೇ?’ ಎಂದು ಕೇಳದ ಮನೆ ಅಪರೂಪ. ಸರಿಯಾಗಿ ನೋಡುವುದಕ್ಕೆ ಅರ್ಧ ದಿನ ಹಿಡಿಯುತ್ತದೆ. ಯಾವ ಎಂಸಿಬಿ ಇಳಿಸಿದರೆ ಏನೇನು ಆರುತ್ತದೆಂದು ಗುರುತಿಸಬೇಕು, ಡಿಬಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಬೇಕು, ಉಪಕರಣಗಳನ್ನೆಲ್ಲ ಕಳಚಿಟ್ಟು 500 ವೋಲ್ಟಿನ ಮೆಗ್ಗರ್ ಎಂಬ ಮೀಟರು ಹಚ್ಚಿ ವೈರಿನ ಇನ್ಸುಲೇಶನ್ (ಹೊದಿಕೆಯ ತಡೆ) 1 ಮೆಗಾಓಮ್‌ಗಿಂತ ಕೆಳಗೆ ಇಳಿದಿದೆಯೇ ನೋಡಬೇಕು, ಅರ್ಥಿಂಗ್ ಅಳೆಯಬೇಕು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ನಿಜವಾಗಿ ಬೀಳುತ್ತದೆಯೇ ಪರೀಕ್ಷಿಸಬೇಕು. ಮೈಗೆ ಶಾಕ್ ಹೊಡೆದಾಗ ಲೈನು ಕತ್ತರಿಸಲೆಂದು ಇರುವುದು ಈ ಆರ್‌ಸಿಸಿಬಿ, ಎಂಸಿಬಿ ಅಲ್ಲ. ಯುಪಿಎಸ್ ಹಾಕಿದವರು ಎರಡು ಲೈನುಗಳ ನ್ಯೂಟ್ರಲ್ ಬೆರೆಸಿಬಿಟ್ಟು, ಆರ್‌ಸಿಸಿಬಿ ಬೀಳುತ್ತದೆಂದು ಅದನ್ನೇ ಬೈಪಾಸ್ ಮಾಡಿ ಹೋದ ಮನೆಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಹೊಸ ಸರ್ಕ್ಯೂಟಿನ ಖರ್ಚು. ಮನೆ ನೋಡದೆ ಮೊತ್ತ ಹೇಳುವುದು ಸರಿಯಲ್ಲ, ತಾಮ್ರದ ಬೆಲೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಡಿಬಿಯಿಂದ ಆ ಜಾಗಕ್ಕೆ ಎಷ್ಟು ದೂರ, ಇರುವ ಪೈಪಿನಲ್ಲಿ ಇನ್ನೂ ಮೂರು ವೈರು ಹಿಡಿಯುತ್ತವೆಯೇ, ಡಿಬಿಯಲ್ಲಿ ಒಂದು ಖಾಲಿ ಜಾಗವಿದೆಯೇ ಎಂಬ ಮೂರು ಸಂಗತಿಗಳ ಮೇಲೆ ಅದು ನಿಂತಿದೆ. ಪೈಪಿನಲ್ಲಿ ಜಾಗವಿದ್ದರೆ ವೈರು ಮತ್ತು ಒಂದು ದಿನದ ಕೂಲಿಯಲ್ಲಿ ಮುಗಿಯಬಹುದು. ಇಲ್ಲದಿದ್ದರೆ ಗೋಡೆ ಕೊರೆದು, ಗಾರೆ ಮುಚ್ಚಿ, ಬಣ್ಣ ಬಳಿಯುವ ಖರ್ಚೇ ವೈರಿನ ಖರ್ಚನ್ನು ಮೀರುತ್ತದೆ. ಟೈಲ್ಸ್ ಒಡೆಯಲು ಮೇಷ್ಟ್ರು ಒಪ್ಪದ ಕಾರಣ ಅವರಿಗೆ 4 ಚದರ ಮಿಲಿಮೀಟರಿನ ಹೊಸ ಲೈನನ್ನು ಯುಟಿಲಿಟಿಯ ಹೊರಗೋಡೆಯ ಮೇಲೆ ತೆರೆದ ಪೈಪಿನಲ್ಲೇ ಒಯ್ದು ಇಂಡಕ್ಷನ್ ಒಲೆಗೆ ಕೊಟ್ಟೆವು. ಸುಟ್ಟ ಭಾಗದ ವೈರು ಮತ್ತು ಸಾಕೆಟ್ಟು ಬದಲಿಸಿ, ಮತ್ತೆ ಮೆಗ್ಗರ್ ಹಚ್ಚಿ ನೋಡಿದ ಮೇಲೆ ಹಳೆಯ ಲೈನಿಗೆ 16ರ ಎಂಸಿಬಿಯೇ ಮರಳಿತು. ನೋಡಲು ಅಂದವಿಲ್ಲ, ಕೆಲಸಕ್ಕೆ ಕೊರತೆಯಿಲ್ಲ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ತಪಾಸಣೆ ಮಾಡಿಸಿ, ಆಮೇಲೆ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಸರಿಪಡಿಸಿಕೊಂಡು, ಬಳಿಕ ಅಡುಗೆಮನೆ ಮತ್ತು ಗೀಸರಿನ ಲೈನುಗಳನ್ನು ಬೇರ್ಪಡಿಸಿಕೊಳ್ಳಬಹುದು. ಉಳಿದದ್ದು ಮುಂದಿನ ಸಲ ಮನೆಗೆ ಬಣ್ಣ ಹೊಡೆಸುವವರೆಗೆ ಕಾಯುತ್ತದೆ. ಬಣ್ಣದವರಿಗೆ ಮುಂಗಡ ಕೊಡುವ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರೊಬ್ಬರನ್ನು ಕರೆಸಿ, ಸರ್ಕ್ಯೂಟುಗಳ ಸಂಖ್ಯೆ, ಪ್ರತಿಯೊಂದರ ವೈರಿನ ಗಾತ್ರ ಮತ್ತು ಎಂಸಿಬಿಯ ಅಳತೆಯನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.